ಹುಂಜದ ಎದುರು ನಿಂತ ಚಿರತೆ

ಅಮೆರಿಕದ ದಕ್ಷಿಣದಲ್ಲಿ ಅಲಬಾಮಾ ಎಂಬ ರಾಜ್ಯ. ಆ ರಾಜ್ಯದಲ್ಲಿ ಸೆಲ್ಮಾ ಪಟ್ಟಣಕ್ಕೂ ರಾಜಧಾನಿ ಮಾಂಟ್‌ಗಮರಿಗೂ ನಡುವೆ ಲೌಂಡ್ಸ್ ಎಂಬ ಕೌಂಟಿ, ಅಂದರೆ ಜಿಲ್ಲೆ. ಎರೆಮಣ್ಣಿನ ಸೀಮೆ, ಹತ್ತಿಯಿಂದ ಹೆಸರಾದ ನೆಲ. ಆ ಹತ್ತಿಯನ್ನು ಬಿತ್ತಿ ಬಿಡಿಸಿದವರು ಗುಲಾಮರು, ಮಾರಿ ದೊರೆಗಳಾದವರು ಬಿಳಿಯರು. 1865ರಲ್ಲಿ ಗುಲಾಮಗಿರಿ ಕಾನೂನಿನ ಪುಸ್ತಕದಿಂದ ಅಳಿಯಿತು. ಅದಾಗಿ ನೂರು ವರ್ಷ ಕಳೆದ ಮೇಲೂ ಲೌಂಡ್ಸಿನಲ್ಲಿ ಹೊಲ ಒಬ್ಬರದು, ದುಡಿಮೆ ಇನ್ನೊಬ್ಬರದು. 1965ರ ಆರಂಭದಲ್ಲಿ ಅಲ್ಲಿ ಹದಿನೈದು ಸಾವಿರ ಚಿಲ್ಲರೆ ಜನ. ಅವರಲ್ಲಿ ನೂರಕ್ಕೆ ಎಂಬತ್ತು ಮಂದಿ ಕಪ್ಪು ಜನ. ಮತದಾರರ ಪಟ್ಟಿಯಲ್ಲಿ ಅವರ ಹೆಸರು ಒಂದೂ ಇರಲಿಲ್ಲ. ಬಿಳಿಯರ ಹೆಸರುಗಳೋ, ಕೌಂಟಿಯಲ್ಲಿದ್ದ ಅರ್ಹ ಬಿಳಿಯರ ಲೆಕ್ಕವನ್ನೂ ಮೀರಿದ್ದವು. ಸತ್ತವರೂ ಊರು ಬಿಟ್ಟವರೂ ಪಟ್ಟಿಯಲ್ಲಿ ಸುಖವಾಗಿ ಬದುಕಿದ್ದರು.

ಸುತ್ತಲ ಸೀಮೆಯವರು ಇದಕ್ಕೆ ಇಟ್ಟ ಹೆಸರು ‘ಬ್ಲಡಿ ಲೌಂಡ್ಸ್’, ರಕ್ತದ ಲೌಂಡ್ಸ್. 1935ರಲ್ಲಿ ಹತ್ತಿ ಬಿಡಿಸುವವರು ಕೂಲಿ ಹೆಚ್ಚಿಸಬೇಕೆಂದು ಮುಷ್ಕರ ಹೂಡಿದ್ದರು. ಕೌಂಟಿಯ ಪೊಲೀಸ್ ಮುಖ್ಯಸ್ಥನಾದ ಷೆರಿಫನ ಕಡೆಯವರೂ ಜಮೀನುದಾರರೂ ಒಂದಾಗಿ ಅವರನ್ನು ಬಡಿದರು, ಕೆಲವರನ್ನು ಕೊಂದರು. ಆಮೇಲೆ ಮೂವತ್ತು ವರ್ಷ ಯಾರೂ ಬಹಿರಂಗವಾಗಿ ತುಟಿ ಬಿಚ್ಚಲಿಲ್ಲ. ಹಾಗೆಂದು ಮರೆಯಲೂ ಇಲ್ಲ.

ಕಪ್ಪು ಜನರ ಕ್ರಾಂತಿಕಾರಿ ರಾಜಕಾರಣ ಎಂದೊಡನೆ ಈ ಊರು ಯಾರಿಗೂ ನೆನಪಾಗುವುದಿಲ್ಲ. ಕಣ್ಣ ಮುಂದೆ ಬರುವುದು ಕ್ಯಾಲಿಫೋರ್ನಿಯಾದ ಓಕ್‌ಲೆಂಡ್ ನಗರ. ಕರಿ ಚರ್ಮದ ಜಾಕೆಟ್ಟು ತೊಟ್ಟು, ಟೊಪ್ಪಿ ಓರೆಯಾಗಿಟ್ಟು, ಬಂದೂಕು ಹಿಡಿದು ನಿಂತ ಬ್ಲ್ಯಾಕ್ ಪ್ಯಾಂಥರ್ ತರುಣರು. ಆ ಚಿತ್ರ ಸುಳ್ಳಲ್ಲ. ಆದರೆ ಆ ಕರಿಚಿರತೆ ಮೊದಲು ಹೆಜ್ಜೆಯಿಟ್ಟದ್ದು ಲೌಂಡ್ಸಿನ ಎರೆಮಣ್ಣಿನ ಮೇಲೆ. ಅದನ್ನು ಸಾಕಿದವರು ಪಾಲಿಗೆ ಉಳುವ ಒಕ್ಕಲುಗಳು, ಸಣ್ಣ ಹಿಡುವಳಿದಾರರು, ಚರ್ಚಿನ ಪಾದ್ರಿಗಳು, ಅಡುಗೆ ಕೆಲಸದ ಹೆಂಗಸರು. ಇಂದು ನ್ಯಾಯಕ್ಕಾಗಿ ಬೀದಿಗಿಳಿಯುವ ಹುಡುಗ ಹುಡುಗಿಯರು ಓಕ್‌ಲೆಂಡಿನ ಚರಿತ್ರೆಯನ್ನು ಓದುವ ಮೊದಲು ಲೌಂಡ್ಸಿನ ಚರಿತ್ರೆಯನ್ನು ಓದಬೇಕು ಎಂಬುದು ನನ್ನ ಮತ.

ಜಾನ್ ಹ್ಯೂಲೆಟ್ ಈ ಕೌಂಟಿಯವರೇ. ಬರ್ಮಿಂಗ್‌ಹ್ಯಾಮ್ ನಗರದ ಎರಕದ ಕಾರ್ಖಾನೆಯಲ್ಲಿ ದುಡಿದು, ಅಲ್ಲಿ ಕಾರ್ಮಿಕ ಸಂಘದ ಒಳಹೊರಗನ್ನು ತಿಳಿದು, 1959ರಲ್ಲಿ ಊರಿಗೆ ಮರಳಿದ್ದರು. 1965ರ ಮಾರ್ಚ್ 1ರಂದು ಹ್ಯೂಲೆಟ್ ಮತ್ತು ಲಾಸನ್ ಎಂಬ ಕುರುಡು ಪಾದ್ರಿಯ ಜೊತೆ ಹಲವರು ಕೌಂಟಿಯ ಕೇಂದ್ರವಾದ ಹೇನ್‌ವಿಲ್‌ಗೆ ಹೋಗಿ, ಕೋರ್ಟಿನ ಕಟ್ಟಡದ ಮುಂದೆ ನಿಂತು, ನಮ್ಮ ಹೆಸರನ್ನೂ ಮತದಾರರ ಪಟ್ಟಿಗೆ ಸೇರಿಸಿಕೊಳ್ಳಿ ಎಂದರು. ಅಂದು ಎಲ್ಲರನ್ನೂ ಹಿಂದಕ್ಕೆ ಕಳಿಸಲಾಯಿತು. ಎರಡು ವಾರ ಬಿಟ್ಟು ಮತ್ತೆ ಹೋದರು. ಆ ಸಲ ಇಬ್ಬರ ಹೆಸರು ಪಟ್ಟಿಗೆ ಸೇರಿತು: ಒಬ್ಬರು ಹ್ಯೂಲೆಟ್, ಇನ್ನೊಬ್ಬರು ಆ ಪಾದ್ರಿ. ಮಾರ್ಚ್ 19ರಂದು ಊರವರು ಮಾನವ ಹಕ್ಕುಗಳಿಗಾಗಿ ತಮ್ಮದೇ ಒಂದು ಸಂಘ ಕಟ್ಟಿಕೊಂಡು ಹ್ಯೂಲೆಟ್‌ರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಹೊರಗಿನ ಸಂಘಟಕರು ಬಂದು ನೆಲೆಸುವ ಮೊದಲೇ ಇಷ್ಟು ಆಗಿತ್ತು. ಚರಿತ್ರೆ ಬರೆಯುವವರು ಇದನ್ನು ಬಹಳ ಸಲ ಅಡಿಟಿಪ್ಪಣಿಗೆ ತಳ್ಳಿಬಿಡುತ್ತಾರೆ.

ಅದೇ ವಾರ ಮಾರ್ಟಿನ್ ಲೂಥರ್ ಕಿಂಗ್ ನೇತೃತ್ವದ ಪಾದಯಾತ್ರೆ ಸೆಲ್ಮಾದಿಂದ ಹೊರಟು, 80ನೇ ಹೆದ್ದಾರಿ ಹಿಡಿದು, ಲೌಂಡ್ಸನ್ನು ಹಾದು ಮಾಂಟ್‌ಗಮರಿ ಸೇರಿತು. ಜಗತ್ತಿನ ಕ್ಯಾಮೆರಾಗಳೆಲ್ಲ ನಡೆಯುವವರ ಮೇಲಿದ್ದವು. ಸ್ನಿಕ್ ಎಂದು ಜನ ಕರೆಯುತ್ತಿದ್ದ ವಿದ್ಯಾರ್ಥಿ ಸಂಘಟನೆಯ ತರುಣ ಸ್ಟೋಕ್ಲಿ ಕಾರ್ಮೈಕಲ್ ಮತ್ತು ಗೆಳೆಯರ ಗಮನ ಬೇರೆ ಕಡೆಗಿತ್ತು. ದಾರಿಯ ಬದಿಯಲ್ಲಿ ನಿಂತು ಮೆರವಣಿಗೆ ನೋಡುತ್ತಿದ್ದವರ ಬಳಿ ಹೋಗಿ ಅವರು ಹೆಸರು, ಊರು ಬರೆದುಕೊಂಡರು; ಮತ್ತೆ ಬರುತ್ತೇವೆ ಎಂದರು. ಮಾರ್ಚ್ 25ರ ರಾತ್ರಿ, ಯಾತ್ರಿಕರನ್ನು ಕಾರಿನಲ್ಲಿ ಸಾಗಿಸುತ್ತಿದ್ದ ಡೆಟ್ರಾಯ್ಟಿನ ವಯೋಲಾ ಲಿಯುಜೊ ಎಂಬ ಐದು ಮಕ್ಕಳ ತಾಯಿಯನ್ನು, ಬಿಳಿಯರ ಮೇಲುಗೈಗಾಗಿ ಹಿಂಸೆಗಿಳಿದಿದ್ದ ಕು ಕ್ಲಕ್ಸ್ ಕ್ಲಾನ್ ಗುಂಪಿನವರು ಅದೇ ಹೆದ್ದಾರಿಯಲ್ಲಿ, ಅದೇ ಲೌಂಡ್ಸಿನಲ್ಲಿ ಗುಂಡಿಟ್ಟು ಕೊಂದರು. ಕೊಂದವರ ಕಾರಿನಲ್ಲಿ ಕೇಂದ್ರ ಸರ್ಕಾರದ ಎಫ್‌ಬಿಐಗೆ ಸುದ್ದಿ ಮುಟ್ಟಿಸುತ್ತಿದ್ದ ಆಳೊಬ್ಬನೂ ಕುಳಿತಿದ್ದ. ಪತ್ರಕರ್ತರು ಹೊರಟುಹೋದರು. ಕಾರ್ಮೈಕಲ್, ಬಾಬ್ ಮ್ಯಾಂಟ್ಸ್ ಮತ್ತಿತರರು ಆ ಹೆಸರುಗಳ ಪಟ್ಟಿ ಹಿಡಿದು ವಾಪಸು ಬಂದರು.

ಬಂದವರಿಗೆ ಸೂರು ಕೊಡುವವರು ಯಾರು? ಕೊಟ್ಟವನ ಮನೆ ಉರಿಯುವ ಕಾಲ ಅದು. ಕೊನೆಗೆ ವೈಟ್ ಹಾಲ್ ಎಂಬಲ್ಲಿ ಸ್ವಂತ ಜಮೀನಿದ್ದ ಮ್ಯಾಥ್ಯೂ ಜಾಕ್ಸನ್ ಎಂಬ ಹಿರಿಯ ರೈತರು ಖಾಲಿ ಇದ್ದ ಮನೆಯೊಂದನ್ನು ಬಿಟ್ಟುಕೊಟ್ಟರು. ಊರ ಜನರಿಗೆ ಇವರ ಮೇಲೆ ನಂಬಿಕೆ ಹುಟ್ಟಿದ ಬಗೆಯನ್ನು ಕಾರ್ಮೈಕಲ್ ಮುಂದೆ ಹಲವು ಸಲ ಹೇಳಿಕೊಂಡಿದ್ದುಂಟು. ಒಂದು ದಿನ ಕಪ್ಪು ಮಕ್ಕಳ ಶಾಲೆಯ ಬಳಿ ಕರಪತ್ರ ಹಂಚುತ್ತಿದ್ದಾಗ ಪೊಲೀಸರು ಬಂದು ಜಾಗ ಖಾಲಿ ಮಾಡು ಎಂದರು. ಹಿಡಿಯುವುದಿದ್ದರೆ ಹಿಡಿಯಿರಿ, ಇಲ್ಲವಾದರೆ ನನ್ನ ಕೆಲಸಕ್ಕೆ ಬಿಡಿ ಎಂದು ಇವರು ನಿಂತರು. ಪೊಲೀಸರು ಕ್ಷಣ ಹೊತ್ತು ಏನೂ ತೋಚದೆ ನಿಂತು, ಕಾರು ಹತ್ತಿ ಹೊರಟುಹೋದರು. ಬಿಳಿ ಪೊಲೀಸನಿಗೆ ಎದುರು ಮಾತಾಡಿ ಜೀವಂತ ಉಳಿದ ಕಪ್ಪು ಮನುಷ್ಯನನ್ನು ಆ ಮಕ್ಕಳು ಮೊದಲ ಸಲ ಕಂಡಿದ್ದರು. ಸಂಜೆಯೊಳಗೆ ಸುದ್ದಿ ಶಾಲೆಯ ಬಸ್ಸುಗಳ ಜೊತೆಯಲ್ಲೇ ಪ್ರತಿ ಮನೆಯ ಒಲೆಯ ಮುಂದೆ ಕೂತಿತ್ತು.

ಸ್ನಿಕ್ ತನ್ನ ಹೆಸರಿನಲ್ಲೇ ಅಹಿಂಸೆಯನ್ನು ಇಟ್ಟುಕೊಂಡ ಸಂಘಟನೆ. 1960ರ ಏಪ್ರಿಲ್‌ನಲ್ಲಿ ಅದು ಹುಟ್ಟಿದಾಗ ಬೆನ್ನಿಗೆ ನಿಂತವರು ಎಲ್ಲಾ ಬೇಕರ್ ಎಂಬ ಹಿರಿಯಾಕೆ. ಜನರಿಗೆ ದಾರಿ ತೋರಿಸಲು ಮೇಲಿನಿಂದ ನಾಯಕ ಇಳಿದು ಬರಬೇಕಿಲ್ಲ, ಜನರೇ ತಮ್ಮ ನಾಯಕರಾಗಬಲ್ಲರು ಎಂಬುದು ಅವರ ಪಟ್ಟು. ಲೌಂಡ್ಸಿನ ರೈತರ ಮನೆಗಳಲ್ಲಾದರೋ ಬಾಗಿಲ ಸಂದಿಯಲ್ಲಿ ಬಂದೂಕು ಇರುತ್ತಿತ್ತು, ರಾತ್ರಿ ಸಭೆಗಳಿಗೆ ಕಾವಲು ಇರುತ್ತಿತ್ತು. ಹೊರಗಿನಿಂದ ಬಂದ ಹುಡುಗರು ಅದನ್ನು ಕೆಳಗಿಡಿ ಎಂದು ಉಪದೇಶಿಸಲಿಲ್ಲ. ಸಿದ್ಧಾಂತ ಹೊತ್ತು ಬಂದವರು ಮನೆಯವರ ಅನುಭವದ ಮುಂದೆ ಸುಮ್ಮನೆ ಕೂತು ಕೇಳಿದ್ದು ಆ ಚಳವಳಿಯ ಒಂದು ದೊಡ್ಡತನ. ಇಂದಿನ ಹೋರಾಟಗಾರರಲ್ಲಿ ಈ ಗುಣ ಅಪರೂಪವಾಗುತ್ತಿದೆ. ಊರಿಗೆ ಹೋಗುವ ಮೊದಲೇ ಊರವರು ಏನು ಹೇಳಬೇಕೆಂದು ಬರೆದುಕೊಂಡು ಹೋಗುವವರೇ ಹೆಚ್ಚು.

1965ರ ಆಗಸ್ಟ್ 6ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಮತದಾನದ ಹಕ್ಕಿನ ಕಾನೂನಿಗೆ ಸಹಿ ಹಾಕಿದರು. ಕೆಲವೇ ದಿನಗಳಲ್ಲಿ ಕೇಂದ್ರದ ಅಧಿಕಾರಿಗಳು ಲೌಂಡ್ಸಿಗೂ ಬಂದು ಹೆಸರು ಬರೆದುಕೊಳ್ಳತೊಡಗಿದರು. ಕಾನೂನು ಬಂತು, ಅದರ ಬೆನ್ನಲ್ಲೇ ಸೇಡೂ ಬಂತು. ಆಗಸ್ಟ್ 14ರಂದು ಫೋರ್ಟ್ ಡೆಪಾಸಿಟ್ ಎಂಬ ಪೇಟೆಯಲ್ಲಿ ಪ್ರತಿಭಟಿಸಿದವರನ್ನು ಹಿಡಿದು ಹೇನ್‌ವಿಲ್ ಜೈಲಿಗೆ ಹಾಕಿದರು. 20ರಂದು ಇದ್ದಕ್ಕಿದ್ದಂತೆ ಬಿಟ್ಟರು. ಕರೆದೊಯ್ಯಲು ವಾಹನವಿಲ್ಲ, ಬಿಸಿಲು ಸುಡುತ್ತಿದೆ. ನಾಲ್ವರು ತಣ್ಣಗೆ ಏನಾದರೂ ಕುಡಿಯೋಣವೆಂದು ಹತ್ತಿರದ ಅಂಗಡಿಗೆ ನಡೆದರು. ಬಾಗಿಲಲ್ಲಿ ಟಾಮ್ ಕೋಲ್ಮನ್ ಎಂಬ ಬಿಳಿಯ ಕೋವಿ ಹಿಡಿದು ನಿಂತಿದ್ದ. ಅವನು ಗುರಿಯಿಟ್ಟದ್ದು ರೂಬಿ ಸೇಲ್ಸ್ ಎಂಬ ಹದಿನೇಳರ ಕಪ್ಪು ಹುಡುಗಿಯ ಮೇಲೆ. ಪಾದ್ರಿಯಾಗಲು ಓದುತ್ತಿದ್ದ ಜೊನಾಥನ್ ಡೇನಿಯಲ್ಸ್ ಎಂಬ ಇಪ್ಪತ್ತಾರರ ಬಿಳಿ ತರುಣ ಅವಳನ್ನು ಆಚೆಗೆ ತಳ್ಳಿ ಗುಂಡಿಗೆ ತಾನು ಎದೆಯೊಡ್ಡಿ ಪ್ರಾಣ ಬಿಟ್ಟ. ಬಿಳಿಯರೇ ತುಂಬಿದ್ದ ಜ್ಯೂರಿ ಸೆಪ್ಟೆಂಬರ್ ಕೊನೆಗೆ ಕೋಲ್ಮನ್‌ನನ್ನು ನಿರ್ದೋಷಿ ಎಂದು ಬಿಟ್ಟಿತು.

ಆ ಕೊಲೆಯ ಸಿಟ್ಟು ಬರಿಯ ಕೂಗಾಗಿ ಮುಗಿಯಲಿಲ್ಲ. ಜ್ಯೂರಿಯಿಂದ ಕಪ್ಪು ಜನರನ್ನು ಹೊರಗಿಟ್ಟಿರುವುದನ್ನು ಪ್ರಶ್ನಿಸಿ ಲೌಂಡ್ಸಿನ ಜನ ಫೆಡರಲ್ ಕೋರ್ಟಿಗೆ ಹೋಗಿದ್ದರು. ಗಾರ್ಡೀನಿಯಾ ವೈಟ್ ಎಂಬ ಹೆಣ್ಣುಮಗಳು ಫಿರ್ಯಾದಿ. 1966ರ ಫೆಬ್ರವರಿಯಲ್ಲಿ ಕೋರ್ಟು ಜನಾಂಗದ ಆಧಾರದ ಮೇಲೆ ಹೊರಗಿಡುವುದು ತಪ್ಪೆಂದಿತು. ಅಷ್ಟಕ್ಕೇ ನಿಲ್ಲದೆ, ಹೆಂಗಸರನ್ನು ಜ್ಯೂರಿಯಿಂದ ದೂರವಿಟ್ಟ ಅಲಬಾಮಾದ ಕಾನೂನೂ ಸಂವಿಧಾನಕ್ಕೆ ವಿರುದ್ಧ ಎಂದು ಸಾರಿತು. ಮೂಲೆಯ ಕೌಂಟಿಯ ಬಡವರು ತಂದ ದಾವೆಯೊಂದು ಬಿಳಿ ಹೆಂಗಸರಿಗೂ ನ್ಯಾಯದ ಕಟ್ಟೆಯಲ್ಲಿ ಜಾಗ ಕೊಡಿಸಿತು!

ಇತ್ತ ಪಟ್ಟಿಗೆ ಹೆಸರು ಸೇರಿಸಿದ ಒಕ್ಕಲುಗಳನ್ನು ಜಮೀನುದಾರರು ಮನೆ ಬಿಡಿಸಿದರು. ತಲೆಮಾರುಗಳಿಂದ ಉತ್ತ ಹೊಲ, ಕಟ್ಟಿಕೊಂಡ ಗುಡಿಸಲು ಎಲ್ಲ ಒಂದು ದಿನದಲ್ಲಿ ಪರರದ್ದಾಯಿತು. ಹಕ್ಕು ಕೇಳಿ ಎಂದು ಹುರಿದುಂಬಿಸಿದವರು ಆಗ ಏನು ಮಾಡಿದರು ಎಂಬುದನ್ನು ನೋಡಬೇಕು. ಹೆದ್ದಾರಿಯ ಪಕ್ಕದಲ್ಲಿ ಸಂಘವು ನೆಲ ಹೊಂದಿಸಿ, 1965ರ ಕೊನೆಯ ದಿನಗಳಲ್ಲಿ ಡೇರೆಗಳನ್ನು ನೆಟ್ಟಿತು. ಮಂಚ, ಒಲೆ, ಹೊದಿಕೆ ತಂದುಕೊಟ್ಟಿತು. ‘ಟೆಂಟ್ ಸಿಟಿ’ ಎಂದು ಅದಕ್ಕೆ ಹೆಸರಾಯಿತು. ರಾತ್ರಿ ಹೆದ್ದಾರಿಯಿಂದ ಡೇರೆಗಳತ್ತ ಗುಂಡು ಹಾರುತ್ತಿತ್ತು. ಒಳಗಿನವರು ಸರದಿಯಲ್ಲಿ ಕಾವಲು ಕೂರುತ್ತಿದ್ದರು. ಚಳಿ, ಕೆಸರು, ಮಕ್ಕಳ ಕೆಮ್ಮಿನ ನಡುವೆ ಎರಡು ವರ್ಷಕ್ಕೂ ಮಿಕ್ಕಿ ಆ ಬಿಡಾರ ನಿಂತಿತು. ಒಂದೊಂದು ಕುಟುಂಬಕ್ಕೂ ಬೇರೆ ನೆಲೆ ಸಿಗುವ ತನಕ ಅದನ್ನು ಕೀಳಲಿಲ್ಲ. ಚಳವಳಿಯ ದಂಡ ತೆತ್ತವರನ್ನು ಚಳವಳಿಯೇ ಸಾಕಬೇಕು ಎಂಬ ಲೆಕ್ಕ ಅಲ್ಲಿ ಸ್ಪಷ್ಟವಾಗಿತ್ತು.

ಮತದ ಹಕ್ಕು ಬಂತು, ಸರಿ. ಮತ ಯಾರಿಗೆ? ಅಲಬಾಮಾದಲ್ಲಿ ಆಳುತ್ತಿದ್ದುದು ಡೆಮಾಕ್ರಟಿಕ್ ಪಕ್ಷ. ಅದರ ಚಿಹ್ನೆ ಬಿಳಿ ಹುಂಜ. ಹುಂಜದ ಜೊತೆಗೆ ‘ಬಿಳಿಯರ ಮೇಲುಗೈ’ ಎಂಬ ಘೋಷಣೆಯನ್ನು ಅಚ್ಚುಹಾಕಿಸುತ್ತಿದ್ದರು. 1966ರಲ್ಲಿ, ಕಪ್ಪು ಮತಗಳು ಲೆಕ್ಕಕ್ಕೆ ಬಂದ ಮೇಲೆ, ಆ ಮಾತನ್ನು ತೆಗೆದರು. ಹುಂಜ ಉಳಿಯಿತು. ಅಭ್ಯರ್ಥಿಯಾಗಲು ಕಟ್ಟಬೇಕಾದ ಶುಲ್ಕವನ್ನು ಕೌಂಟಿಯ ಪಕ್ಷದವರು 50 ಡಾಲರಿನಿಂದ 500 ಡಾಲರಿಗೆ ಏರಿಸಿದರು. ಯಾರನ್ನು ಹೊರಗಿಡಲು ಎಂದು ಬಿಡಿಸಿ ಹೇಳಬೇಕಿಲ್ಲ.

ಸ್ನಿಕ್‌ನ ಸಂಶೋಧನಾ ವಿಭಾಗದ ಜ್ಯಾಕ್ ಮಿನ್ನಿಸ್ ಕಾನೂನಿನ ಸಂಪುಟಗಳ ನಡುವೆ ಕೂತು ಹುಡುಕಿದರು. ಕೌಂಟಿಯೊಂದರೊಳಗೆ ಸ್ವತಂತ್ರ ಪಕ್ಷ ಕಟ್ಟಲು ಅವಕಾಶ ಕೊಡುವ, ಎಲ್ಲರೂ ಮರೆತಿದ್ದ ಕಲಮೊಂದು ಕೈಗೆ ಸಿಕ್ಕಿತು. ಮುಖ್ಯ ಪಕ್ಷಗಳು ಅಭ್ಯರ್ಥಿಗಳನ್ನು ಆರಿಸುವ ದಿನವೇ ಸಾರ್ವಜನಿಕ ಸಭೆ ಸೇರಿ ತಮ್ಮ ಅಭ್ಯರ್ಥಿಗಳನ್ನು ಆರಿಸಬೇಕು. ನವೆಂಬರಿನ ಚುನಾವಣೆಯಲ್ಲಿ ನೂರಕ್ಕೆ ಇಪ್ಪತ್ತು ಮತ ಗಳಿಸಿದರೆ ಮಾನ್ಯತೆ. ಓದು ಬರಹ ಬಾರದ ಮತದಾರರಿಗಾಗಿ ಪಕ್ಷಕ್ಕೊಂದು ಚಿಹ್ನೆ ಇರಲೇಬೇಕು. ಜೋಡೆತ್ತು, ದೀಪ, ಗುಡಿಸಲು ನೋಡಿ ಮತ ಹಾಕುತ್ತ ಬಂದ ನಮಗೆ ಇದು ಹೊಸದೇನಲ್ಲ. ಹೀಗೆ ಹುಟ್ಟಿದ್ದು ಲೌಂಡ್ಸ್ ಕೌಂಟಿ ಫ್ರೀಡಂ ಆರ್ಗನೈಸೇಷನ್. ಚಿಹ್ನೆಗೆಂದು ರೂತ್ ಹೊವಾರ್ಡ್ ಎಂಬ ಕಾರ್ಯಕರ್ತೆ ಮೊದಲು ಪಾರಿವಾಳವನ್ನು ಯೋಚಿಸಿದ್ದರು. ಅದು ಯಾರಿಗೂ ರುಚಿಸಲಿಲ್ಲ. ಕೊನೆಗೆ ಅಟ್ಲಾಂಟಾದ ಕ್ಲಾರ್ಕ್ ಕಾಲೇಜಿನ ಲಾಂಛನದಲ್ಲಿದ್ದ ಕರಿಚಿರತೆ ಒಪ್ಪಿಗೆಯಾಯಿತು. ಚಿರತೆ ತಾನಾಗಿ ಯಾರ ಮೇಲೂ ಬೀಳುವುದಿಲ್ಲ, ಮೂಲೆಗೆ ಒತ್ತರಿಸಿದರೆ ಮಾತ್ರ ಎರಗುತ್ತದೆ ಎಂದು ಹ್ಯೂಲೆಟ್ ಬಂದವರಿಗೆಲ್ಲ ಬಿಡಿಸಿ ಹೇಳುತ್ತಿದ್ದರು. ಊರವರ ವ್ಯಾಖ್ಯಾನ ಇನ್ನೂ ಸರಳ: ಬೆಕ್ಕಿನ ಜಾತಿಯದು, ಹುಂಜವನ್ನು ತಿನ್ನುತ್ತದೆ.

ಇಲ್ಲಿಂದ ಮುಂದಿನದೇ ಆ ಕಾಲದ ಅತಿ ದೊಡ್ಡ ಕೆಲಸ ಎಂದು ನನಗೆ ಅನ್ನಿಸುತ್ತದೆ. ಆದರೆ ಅದರ ಫೋಟೋಗಳು ಹೆಚ್ಚಿಲ್ಲ. ಚರ್ಚುಗಳಲ್ಲಿ, ಮನೆಯ ಜಗಲಿಗಳಲ್ಲಿ ತಿಂಗಳುಗಟ್ಟಲೆ ಪಾಠ ನಡೆಯಿತು. ವಿಷಯ: ಷೆರಿಫ್ ಎಂದರೆ ಯಾರು, ಅವನ ಕೆಲಸವೇನು, ಅವನ ಡೆಪ್ಯುಟಿಗಳನ್ನು ಯಾರು ನೇಮಿಸುತ್ತಾರೆ? ಜಮೀನಿಗೆ ತೆರಿಗೆಯ ಬೆಲೆ ಕಟ್ಟುವವನು ಯಾರು, ದೊಡ್ಡವರ ಸಾವಿರ ಎಕರೆಗೆ ಅವನು ಎಷ್ಟು ಕಟ್ಟಿದ್ದಾನೆ? ಕೊರೊನರ್ ಎಂಬವನು ಸಾವಿನ ಕಾರಣ ಬರೆಯುತ್ತಾನಂತಲ್ಲ, ನಮ್ಮವರ ಸಾವಿಗೆ ಅವನು ಏನೆಂದು ಬರೆದ? ಅಲಬಾಮಾದವರೇ ಆದ ಜೆನಿಫರ್ ಲಾಸನ್ ಎಂಬ ಚಿತ್ರಗಾರ್ತಿ, ಕೋರ್ಟ್‌ಲೆಂಡ್ ಕಾಕ್ಸ್ ಜೊತೆಗೂಡಿ, ಒಂದೊಂದು ಹುದ್ದೆಯನ್ನೂ ಗೆರೆಚಿತ್ರಗಳಲ್ಲಿ ವಿವರಿಸುವ ಪುಟ್ಟ ಪುಸ್ತಕಗಳನ್ನು ಮಾಡಿದರು. ಅಕ್ಷರ ಬಾರದ ಅಜ್ಜಿಯೂ ಪುಟ ತಿರುವಿ ಆಡಳಿತದ ಅಂಗಾಂಗಗಳನ್ನು ಅರಿಯಬಹುದಿತ್ತು. ನಮಗೆ ಮತ ಹಾಕಲು ಬರುತ್ತದೋ ಇಲ್ಲವೋ ಎಂದು ಹೆದರುತ್ತಿದ್ದವರು ಈ ಕೆಲಸ ನನ್ನಿಂದಲೂ ಆಗುತ್ತದೆ ಎಂಬಲ್ಲಿಗೆ ಬಂದರು. ಆಲಿಸ್ ಮೂರ್ ಎಂಬಾಕೆ ತೆರಿಗೆ ನಿರ್ಧಾರಕರ ಹುದ್ದೆಗೆ ನಿಂತರು. ಸಿರಿವಂತರ ಮೇಲೆ ತೆರಿಗೆ ಹಾಕಿ ಬಡವರಿಗೆ ಉಣಿಸುತ್ತೇನೆ ಎಂಬುದಷ್ಟೇ ಅವರ ಪ್ರಣಾಳಿಕೆ.

1966ರ ಮೇ 3ರಂದು ಅಭ್ಯರ್ಥಿಗಳ ಆಯ್ಕೆ. ಕೋರ್ಟಿನ ಹುಲ್ಲುಹಾಸಿನಲ್ಲಿ ಸಭೆ ಸೇರಲು ಷೆರಿಫ್ ಬಿಡಲಿಲ್ಲ. ಸೇರಿಯೇ ಸೇರುತ್ತೇವೆ, ಬಂದೂಕೂ ತರುತ್ತೇವೆ ಎಂದು ಇವರು ನಿಂತಾಗ ರಾಜ್ಯದ, ಕೇಂದ್ರದ ಅಧಿಕಾರಿಗಳು ನಡುವೆ ಬಂದು, ಅರ್ಧ ಮೈಲಿ ಆಚೆಯ ಬ್ಯಾಪ್ಟಿಸ್ಟ್ ಚರ್ಚಿನ ಅಂಗಳದಲ್ಲಿ ಸೇರಬಹುದೆಂದು ಒಪ್ಪಂದವಾಯಿತು. ಸುಮಾರು ಒಂಬೈನೂರು ಮಂದಿ ಬಂದು ಸಾಲಾಗಿ ನಿಂತು ಏಳು ಹುದ್ದೆಗಳಿಗೆ ತಮ್ಮವರನ್ನು ಆರಿಸಿಕೊಂಡರು. ಹದಿನಾಲ್ಕು ತಿಂಗಳ ಹಿಂದೆ ಅದೇ ಕೌಂಟಿಯಲ್ಲಿ ಒಬ್ಬ ಕಪ್ಪು ಮತದಾರನೂ ಇರಲಿಲ್ಲ.

ಅಷ್ಟರಲ್ಲಿ ಕಾರ್ಮೈಕಲ್ ಸ್ನಿಕ್‌ನ ಅಧ್ಯಕ್ಷರಾದರು. ಜೂನ್ 16ರ ರಾತ್ರಿ ಮಿಸಿಸಿಪ್ಪಿಯ ಗ್ರೀನ್‌ವುಡ್‌ನಲ್ಲಿ ಅವರು ‘ಬ್ಲ್ಯಾಕ್ ಪವರ್’ ಎಂದು ಕೂಗಿದ್ದು ದೇಶವನ್ನೇ ನಡುಗಿಸಿತು. ಪತ್ರಿಕೆಗಳು ಆ ಎರಡು ಪದಗಳ ಅರ್ಥ ಕೆದಕುತ್ತ ವರ್ಷಗಳನ್ನೇ ಕಳೆದವು. ಆ ಮಾತಿನ ಹಿಂದೆ ಲೌಂಡ್ಸಿನ ಪಾಠಶಾಲೆಗಳಿದ್ದವು, ಡೇರೆಗಳಿದ್ದವು. ಅವನ್ನು ಯಾರೂ ನೋಡಲು ಹೋಗಲಿಲ್ಲ. ಕಾರ್ಮೈಕಲ್ ಕೂಡ ಆಮೇಲೆ ಊರೂರು ಭಾಷಣಗಳ ಸುಳಿಯಲ್ಲಿ ಸಿಕ್ಕಿದರು. ವಾಗ್ಮಿ ಗೆದ್ದ, ಸಂಘಟಕ ಸೋತ ಎಂದೇ ನಾನು ಅದನ್ನು ಓದುತ್ತೇನೆ.

ನವೆಂಬರ್ 8ರಂದು ಚುನಾವಣೆ ನಡೆಯಿತು. ಜಮೀನುದಾರರು ತಮ್ಮ ಒಕ್ಕಲುಗಳನ್ನು ಲಾರಿಗಳಲ್ಲಿ ತುಂಬಿ ತಂದು ತಾವು ಹೇಳಿದವರಿಗೆ ಹಾಕಿಸಿದರು. ಫೋರ್ಟ್ ಡೆಪಾಸಿಟ್‌ನಲ್ಲಿ ಕಾರ್ಯಕರ್ತರೊಬ್ಬರನ್ನು ಹೊಡೆದು ಕೆಡವಿದರು. ಚಿರತೆಗೆ ಬಿದ್ದದ್ದು ಸುಮಾರು ಸಾವಿರದ ಆರುನೂರು ಮತ, ಎದುರಾಳಿಗಳಿಗೆ ಎರಡು ಸಾವಿರದ ಇನ್ನೂರಕ್ಕೂ ಮೇಲೆ. ಏಳಕ್ಕೆ ಏಳು ಮಂದಿಯೂ ಸೋತರು. ಆದರೆ ನೂರಕ್ಕೆ ಇಪ್ಪತ್ತರ ಗೆರೆ ದಾಟಿತ್ತು. ಸಂಘ ಮಾನ್ಯತೆ ಪಡೆದ ಪಕ್ಷವಾಯಿತು. ಮರುವರ್ಷದ ಹೊತ್ತಿಗೆ ಸ್ನಿಕ್‌ನ ತರುಣರು ಒಬ್ಬೊಬ್ಬರಾಗಿ ಹೊರಟುಹೋದರು. ಊರವರು ಎಲ್ಲಿಗೆ ಹೋಗಬೇಕು? ಉಳಿದರು, ಮತ್ತೆ ಸಭೆ ಸೇರಿದರು, ರಾಜ್ಯಮಟ್ಟದ ಹೊಸ ಪಕ್ಷವೊಂದರ ಜೊತೆ ಕೂಡಿಕೊಂಡರು. 1970ರಲ್ಲಿ ಜಾನ್ ಹ್ಯೂಲೆಟ್ ಲೌಂಡ್ಸಿನ ಷೆರಿಫರಾಗಿ ಆಯ್ಕೆಯಾದರು. ಯಾವ ಕಚೇರಿಯ ಹೆಸರು ಕೇಳಿದರೆ ಕಪ್ಪು ತಾಯಂದಿರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರೋ ಆ ಕಚೇರಿಯ ಕುರ್ಚಿಯಲ್ಲಿ ಅವರು ಇಪ್ಪತ್ತೆರಡು ವರ್ಷ ಕೂತರು.

ಚಿರತೆಯ ಚಿತ್ರ ಅಷ್ಟರಲ್ಲಿ ಬಹುದೂರ ಹೋಗಿತ್ತು. 1966ರ ಅಕ್ಟೋಬರಿನಲ್ಲೇ ಓಕ್‌ಲೆಂಡಿನ ಹ್ಯೂಯಿ ನ್ಯೂಟನ್ ಮತ್ತು ಬಾಬಿ ಸೀಲ್ ಲೌಂಡ್ಸಿನ ಕರಪತ್ರದಿಂದ ಅದನ್ನು ಎತ್ತಿಕೊಂಡು ತಮ್ಮ ಪಕ್ಷ ಕಟ್ಟಿದರು. ಅವರ ಬಂದೂಕು ಸುದ್ದಿಯಾಯಿತು. 1969ರ ಜನವರಿಯಲ್ಲಿ ಓಕ್‌ಲೆಂಡಿನ ಸೇಂಟ್ ಅಗಸ್ಟೀನ್ ಚರ್ಚಿನಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ ಅವರು ಬೆಳಗಿನ ತಿಂಡಿ ಬಡಿಸತೊಡಗಿದ್ದು ಅಷ್ಟು ಸುದ್ದಿಯಾಗಲಿಲ್ಲ. ಎಫ್‌ಬಿಐ ಮುಖ್ಯಸ್ಥ ಎಡ್ಗರ್ ಹೂವರ್ ಮಾತ್ರ ಅದರ ಅಪಾಯವನ್ನು ಸರಿಯಾಗಿ ಗುರುತಿಸಿದ: ಬಂದೂಕಿಗಿಂತ ಆ ತಿಂಡಿಯ ತಟ್ಟೆ ಜನರನ್ನು ಹತ್ತಿರ ತರುತ್ತದೆಂದು ಹೆದರಿ ಅದನ್ನು ಮುರಿಯಲು ಆಳುಗಳನ್ನು ಹಚ್ಚಿದ. ಅದೇ ವರ್ಷ ಡಿಸೆಂಬರ್ 4ರ ನಸುಕಿನಲ್ಲಿ ಷಿಕಾಗೋ ಪೊಲೀಸರು, ಬಡ ಬಿಳಿಯರನ್ನೂ ಪೋರ್ಟೊರಿಕೋದವರನ್ನೂ ಒಂದೇ ಒಕ್ಕೂಟಕ್ಕೆ ತಂದಿದ್ದ ಇಪ್ಪತ್ತೊಂದರ ಪ್ಯಾಂಥರ್ ನಾಯಕ ಫ್ರೆಡ್ ಹ್ಯಾಂಪ್ಟನ್‌ನನ್ನು ಹಾಸಿಗೆಯಲ್ಲೇ ಕೊಂದರು.

1972ರಲ್ಲಿ ಚಿರತೆ ಸಮುದ್ರ ದಾಟಿ ಬೊಂಬಾಯಿಗೆ ಬಂತು. ನಾಮದೇವ ಢಸಾಳ್, ಜೆ.ವಿ. ಪವಾರ್ ಮೊದಲಾದ ಮರಾಠಿ ದಲಿತ ಲೇಖಕರು ದಲಿತ ಪ್ಯಾಂಥರ್ಸ್ ಕಟ್ಟಿದರು. ಅದಕ್ಕೂ ಮೊದಲೇ, 1946ರಲ್ಲಿ, ಡಾ. ಅಂಬೇಡ್ಕರ್ ಕಪ್ಪು ಜನರ ಚಿಂತಕ ಡುಬಾಯ್ಸ್ ಅವರಿಗೆ ಪತ್ರ ಬರೆದು, ಕಪ್ಪು ಜನರ ಪರವಾಗಿ ವಿಶ್ವಸಂಸ್ಥೆಗೆ ಸಲ್ಲಿಸಿದ ಅಹವಾಲಿನ ಪ್ರತಿ ಕೇಳಿದ್ದರು. ಕರ್ನಾಟಕದಲ್ಲಿ ಕನ್ನಡ ಸಾಹಿತ್ಯದ ಕುರಿತ ಮಾತೊಂದರಿಂದ ಎದ್ದ 1973ರ ಬೂಸಾ ಗಲಾಟೆಯ ನಂತರ ಬಿ. ಕೃಷ್ಣಪ್ಪನವರ ಮುಂದಾಳ್ತನದಲ್ಲಿ ಬೆಳೆದ ದಲಿತ ಸಂಘರ್ಷ ಸಮಿತಿ ಚಿರತೆಯ ಹೆಸರನ್ನು ತೊಡಲಿಲ್ಲ. ಕೇರಿ ಕೇರಿಗೆ ಹೋಗಿ ಹಾಡು ಕಟ್ಟಿ, ಶಾಖೆ ಕಟ್ಟಿ, ಭೂಮಿಯ ಪ್ರಶ್ನೆ ಎತ್ತಿದ ಅದರ ಆರಂಭದ ನಡೆ, ಹೆಸರು ಮಾಡಿದ ಓಕ್‌ಲೆಂಡಿನವರಿಗಿಂತ ಹೆಸರೇ ಕೇಳಿರದ ಲೌಂಡ್ಸಿನ ರೈತರಿಗೆ ಹತ್ತಿರವಾಗಿ ನನಗೆ ಕಾಣುತ್ತದೆ.

ಲೌಂಡ್ಸಿನಲ್ಲಿ ಭೂಮಿಯ ಪ್ರಶ್ನೆ ಬಗೆಹರಿಯದೆ ಉಳಿಯಿತು. ಷೆರಿಫ್ ಬದಲಾದ, ಬಹುಪಾಲು ಹೊಲ ಹಳೆಯ ಒಡೆಯರ ಹೆಸರಿನಲ್ಲೇ ಇತ್ತು. ಹುದ್ದೆ ಸಿಕ್ಕವರು ಹುದ್ದೆಯನ್ನು ಉಳಿಸಿಕೊಳ್ಳುವ ರಾಜಕಾರಣ ಕಲಿತರು, ವಾರದ ದೊಡ್ಡ ಸಭೆಗಳು ತೆಳುವಾದವು. ಟೆಂಟ್ ಸಿಟಿ ಇದ್ದ ಜಾಗದಲ್ಲಿ ಕೇಂದ್ರದ ರಾಷ್ಟ್ರೀಯ ಉದ್ಯಾನ ಇಲಾಖೆ 2006ರಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ಅದೇ ಕೌಂಟಿಯಲ್ಲಿ ಬಡವರ ಮನೆಗಳ ಕೊಳಚೆ ಪೈಪಿನಿಂದ ನೇರ ಹಿತ್ತಲಿಗೆ ಹರಿಯುತ್ತಿತ್ತು. ಎರೆಮಣ್ಣು ನೀರನ್ನು ಇಂಗಗೊಡುವುದಿಲ್ಲ. ಅಂಥ ಮಣ್ಣಿಗೆ ಹೊಂದುವ ಸೆಪ್ಟಿಕ್ ವ್ಯವಸ್ಥೆಗೆ ಸಾವಿರಾರು ಡಾಲರ್ ಬೇಕು. ಅದನ್ನು ಹಾಕಿಸಿಕೊಳ್ಳಲಾಗದ ಬಡವರ ಮೇಲೆಯೇ ಮೊಕದ್ದಮೆ ಹೂಡುತ್ತಿದ್ದರು. ಚಳವಳಿಗಾರರ ಮನೆಯಲ್ಲೇ ಬೆಳೆದ ಕ್ಯಾಥರೀನ್ ಕೋಲ್ಮನ್ ಫ್ಲವರ್ಸ್ ಊರಿಗೆ ಮರಳಿ, ಮನೆಮನೆಗೆ ಹೋಗಿ, ಎಷ್ಟು ಮನೆಯ ಕೊಳಚೆ ಎಲ್ಲಿಗೆ ಹೋಗುತ್ತದೆ ಎಂದು ಬರೆಸಿದರು. ಬಹಳ ವರ್ಷಗಳ ದೂರು, ತನಿಖೆಯ ನಂತರ 2023ರಲ್ಲಿ ಕೇಂದ್ರದ ನ್ಯಾಯ ಇಲಾಖೆ ಅಲಬಾಮಾದ ಆರೋಗ್ಯ ಇಲಾಖೆಯೊಡನೆ ಒಪ್ಪಂದ ಮಾಡಿಕೊಂಡು, ದಂಡದ ಭಯ ತಪ್ಪಿಸಿ, ಹೊಸ ವ್ಯವಸ್ಥೆ ಹಾಕಿಸುವ ಕೆಲಸಕ್ಕೆ ಚಾಲನೆ ಕೊಟ್ಟಿತು. 2025ರ ಏಪ್ರಿಲ್‌ನಲ್ಲಿ ಟ್ರಂಪ್ ಸರ್ಕಾರ, ಇದು ಜನಾಂಗ ನೋಡಿ ಕೊಟ್ಟ ಸವಲತ್ತು ಎಂದು ಹೇಳಿ, ಆ ಒಪ್ಪಂದವನ್ನು ರದ್ದು ಮಾಡಿತು. ಮಂಜೂರಾದ ಹಣ ಮುಗಿಯುವವರೆಗೆ ಕೆಲಸ ನಡೆಯುತ್ತದೆ ಎಂದು ರಾಜ್ಯದ ಆರೋಗ್ಯ ಇಲಾಖೆ ಹೇಳಿಕೆ ಕೊಟ್ಟಿತು.